ತಿಮಿಂಗಿಲದ ಕೆಳಗೆ, ಹನ್ನೊಂದಕ್ಕೆ

"ಇನ್ನೊಂದು ಮ್ಯೂಸಿಯಂ ಬೇಕು ಮೇಡಂ," ಎಂದ ಕರೀಂ, ಎದುರಿಗಿದ್ದ ಫೈಲನ್ನು ಎರಡು ಬೆರಳಲ್ಲಿ ಎತ್ತಿ ತೂಕ ನೋಡುತ್ತ. "ನಾಲ್ಕಾಯ್ತು. ಐದಾದ್ರೆ ಫೈಲ್‌ಗೆ ಒಂದು ಗತ್ತು ಬರತ್ತೆ."

ಪ್ರಿಯಂವದಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದ್ದ ಆ ಅಂಗಡಿಯಲ್ಲಿ ಮೂರು ಜನ ಕೂತರೆ ನಾಲ್ಕನೆಯವರು ನಿಂತೇ ಮಾತಾಡಬೇಕು. ಗೋಡೆ ತುಂಬ ಮೆಕ್ಕಾ ಯಾತ್ರೆಯ ಉಮ್ರಾ ಪ್ಯಾಕೇಜಿನ ಪೋಸ್ಟರುಗಳು. ಕರೀಂನ ಮುಖ್ಯ ವ್ಯಾಪಾರ ಅದೇ. ಯುರೋಪಿಗೆ ಹೊರಡುವವರು ಅವನ ಹತ್ತಿರ ಬರುತ್ತಿದ್ದುದು ತಿಂಗಳಿಗೊಬ್ಬರೋ ಇಬ್ಬರೋ. ಆದರೂ ವೀಸಾ ಫೈಲು ಕಟ್ಟುವುದರಲ್ಲಿ ಅವನನ್ನು ಮೀರಿಸುವವರು ಕಂಟೋನ್ಮೆಂಟಿನಲ್ಲೇ ಇಲ್ಲ ಎಂದು ಆಫೀಸಿನಲ್ಲಿ ಯಾರೋ ಹೇಳಿದ್ದರು. ಅದನ್ನು ನಂಬಿಕೊಂಡು ಅವಳು ಇಂದಿರಾನಗರದಿಂದ ಬಸ್ಸು ಹಿಡಿದು ಬಂದಿದ್ದಳು.

ಫೈಲು ಕಟ್ಟುವುದರಲ್ಲಿ ಕರೀಂಗೆ ಅವನದೇ ಒಂದು ಸಿದ್ಧಾಂತವಿತ್ತು. ಹೋಟೆಲ್ ಬುಕಿಂಗ್ ಯಾರು ಬೇಕಾದರೂ ಮಾಡುತ್ತಾರೆ, ವೀಸಾ ಕೈಗೆ ಬರುವ ಮೊದಲೇ ಯಾರು ಬೇಕಾದರೂ ರದ್ದು ಮಾಡುತ್ತಾರೆ, ಅದು ಆಫೀಸರುಗಳಿಗೂ ಗೊತ್ತು. ವಿಮಾನದ ಟಿಕೆಟ್ಟಿನ ಕಥೆಯೂ ಅಷ್ಟೆ. ಆದರೆ ಮ್ಯೂಸಿಯಮ್ಮಿನ ಟಿಕೆಟ್ಟು ಹಾಗಲ್ಲ. ಅದರ ಮೇಲೆ ಹೆಸರಿರುತ್ತದೆ, ದಿನ ಇರುತ್ತದೆ, ಕೆಲವದರಲ್ಲಿ ಒಳಗೆ ಬಿಡುವ ಗಂಟೆ ನಿಮಿಷ ಕೂಡ ಇರುತ್ತದೆ. ಒಮ್ಮೆ ಕೊಂಡರೆ ದುಡ್ಡು ವಾಪಸ್ಸಿಲ್ಲ. "ವಾಪಸ್ ಬರಲ್ಲ ಅನ್ನೋದೇ ಅದರ ತಾಕತ್ತು," ಎಂದು ಕರೀಂ ಮೊದಲ ದಿನವೇ ವಿವರಿಸಿದ್ದ. "ಚಿತ್ರ ನೋಡೋಕೆ ಇಷ್ಟೊಂದು ಟಿಕೆಟ್ ತಗೊಂಡೋರು ಟೂರಿಸ್ಟೇ ಇರ್ಬೇಕು ಅಂತ ಸಾಹೇಬರಿಗೆ ಖಾತ್ರಿ ಆಗತ್ತೆ."

ಹೀಗೆ ಪ್ರಿಯಂವದಾ ಎಂಬ ನಲವತ್ತೇಳು ವರ್ಷದ ಹೆಂಗಸು, ಹುಟ್ಟಿದ ಊರಿನ ಕಬ್ಬನ್ ಪಾರ್ಕಿನ ಮ್ಯೂಸಿಯಮ್ಮಿಗೇ ಶಾಲೆಯವರು ಕರೆದುಕೊಂಡು ಹೋದಾಗ ಬಿಟ್ಟರೆ ಕಾಲಿಡದವಳು, ಈಗ ಜರ್ಮನಿಯ ನಾಲ್ಕು ಮ್ಯೂಸಿಯಮ್ಮುಗಳಿಗೆ ಟಿಕೆಟ್ಟು ಕೊಂಡು ಕೂತಿದ್ದಳು. ಒಂದರಲ್ಲಿ ಹಳೆಯ ಹಡಗುಗಳಂತೆ, ಇನ್ನೊಂದರಲ್ಲಿ ಪಿಂಗಾಣಿ ತಟ್ಟೆಗಳಂತೆ. ಯಾವುದರಲ್ಲಿ ಏನಿದೆ, ಯಾವ ದಿನ ಎಲ್ಲಿ ಎಂದು ಕರೀಂ ಒಂದು ಹಾಳೆಯಲ್ಲಿ ಬರೆಸಿ ಬಾಯಿಪಾಠ ಮಾಡಿಸಿದ್ದ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ ಅವಳು ಅದನ್ನು ಮಗ್ಗಿಯಂತೆ ಒಪ್ಪಿಸಿಕೊಳ್ಳುತ್ತಿದ್ದಳು.

"ಐದನೇದು ನಾನೇ ತಗೋತೀನಿ ಕರೀಂ ಭಾಯ್," ಎಂದಳು. "ಯಾವುದು ಅಂತ ನಂಗೊತ್ತು."

ಕರೀಂ ಅವಳ ಮುಖ ನೋಡಿದ. ಅವನಿಗೂ ಅದು ಯಾವುದೆಂದು ಗೊತ್ತಿತ್ತು. "ಒಬ್ಬರಿಗೆ ತಗೊಳ್ಳಿ. ನಿಮಗೊಬ್ಬರಿಗೇ," ಎಂದ. "ಮಗು ವಿಷಯ ಈ ಫೈಲಲ್ಲಿ ಎಲ್ಲೂ ಕಾಣಬಾರದು. ತಂಗಿ ಮಗಳನ್ನ ನೋಡೋಕೆ ಹೋಗ್ತೀನಿ ಅಂದ್ರೆ ಅವರಪ್ಪನ ಇನ್ವಿಟೇಷನ್ ಲೆಟರ್ ಎಲ್ಲಿ ಅಂತಾರೆ. ಅವರು ಕೊಡಲ್ಲ. ಇನ್ನು ನೀವು ಒಬ್ರೇ ಹೆಂಗಸು, ಮನೆಯಲ್ಲಿ ಗಂಡ ಮಕ್ಕಳು ಅಂತ ಕಾಯೋರಿಲ್ಲ. ವಾಪಸ್ ಬರ್ತಾರೋ ಇಲ್ವೋ ಅಂತ ಡೌಟ್ ಬಂದ್ಬಿಡತ್ತೆ. ತಪ್ಪು ತಿಳ್ಕೋಬೇಡಿ, ಅವರು ನೋಡೋದು ಹಾಗೆ."

ತಪ್ಪು ತಿಳಿಯುವುದೇನಿಲ್ಲ ಎಂದು ಅವಳು ತಲೆ ಆಡಿಸಿದಳು. ಇಪ್ಪತ್ತೆರಡು ವರ್ಷ ಇನ್ಶೂರೆನ್ಸ್ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೂತವಳಿಗೆ ಅವರು ನೋಡುವುದು ಹೇಗೆ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಆ ಮಗುವಿನ ಹೆಸರು ಧಾತ್ರಿ. ಈಗ ಒಂಬತ್ತು ವರ್ಷ. ಪ್ರಿಯಂವದಾಳ ತಂಗಿ ಇಂಚರಾ ಮತ್ತು ಅವಳ ಗಂಡ ವಿಶ್ರುತ್ ಇಬ್ಬರೂ ಜರ್ಮನಿಯಲ್ಲಿ ಕೆಲಸಕ್ಕಿದ್ದರು. ಹೆರಿಗೆ ರಜೆ ಮುಗಿದಾಗ ಮಗುವನ್ನು ಹನ್ನೊಂದು ತಿಂಗಳಿಗೆ ಇಲ್ಲಿಗೆ ತಂದು ಅಕ್ಕನ ಮಡಿಲಲ್ಲಿ ಹಾಕಿ ಹೋಗಿದ್ದರು. ಇನ್ಶೂರೆನ್ಸ್ ಕಾಲೊನಿಯ ಎರಡು ಕೋಣೆಯ ಮನೆಯಲ್ಲಿ ಅದು ನಡೆಯಲು ಕಲಿತದ್ದು, ಮಾತು ಕಲಿತದ್ದು. ಮೊದಲು ಆಡಿದ ಮಾತು 'ದೊಡ್ಡಮ್ಮ' ಎಂದೇ. ಅದರಲ್ಲಿ 'ದೊಡ್ಡ' ಬಾಯಿಗೆ ಹೊರಳುತ್ತಿರಲಿಲ್ಲ, ಬರೀ 'ಅಮ್ಮ' ಉಳಿಯುತ್ತಿತ್ತು. ಪ್ರಿಯಂವದಾ ತಿದ್ದುತ್ತಿದ್ದಳು, ಆದರೆ ಅಷ್ಟೇನೂ ಅವಸರವಿಲ್ಲದೆ ತಿದ್ದುತ್ತಿದ್ದಳು. ನಾಲ್ಕು ತುಂಬಿದಾಗ ಇಂಚರಾ ಬಂದು ಮಗಳನ್ನು ಕರೆದುಕೊಂಡು ಹೋದಳು. ಎರಡು ವರ್ಷಕ್ಕೆ ಅವಳೇ ಹೋಗಿಬಿಟ್ಟಳು, ತಲೆಯೊಳಗೆ ರಕ್ತನಾಳ ಒಡೆದು, ಅಡುಗೆ ಮಾಡುತ್ತಿದ್ದವಳು ಹಾಗೆಯೇ.

ಆಮೇಲಿನದು ಎಲ್ಲ ಮನೆಗಳಲ್ಲೂ ಆಗುವಂಥದ್ದೇ. ವಿಶ್ರುತ್ ಇನ್ನೊಂದು ಮದುವೆಯಾದ, ಅದರಲ್ಲಿ ತಪ್ಪೇನಿಲ್ಲ. ವಾರಕ್ಕೊಮ್ಮೆ ಇದ್ದ ವಿಡಿಯೊ ಕಾಲು ತಿಂಗಳಿಗೊಮ್ಮೆಯಾಯಿತು, ಕೊನೆಗೆ ನಿಂತಿತು. "ಅಕ್ಕ, ನಿಮ್ಮ ಜೊತೆ ಮಾತಾಡಿದ್ಮೇಲೆ ಎರಡು ದಿನ ಅವಳು ಊಟ ಮಾಡಲ್ಲ," ಎಂದಿದ್ದ ವಿಶ್ರುತ್. "ಈಗಿನ್ನೂ ಸೆಟ್ಲ್ ಆಗ್ತಿದಾಳೆ. ದಯವಿಟ್ಟು ಬಿಟ್ಟುಬಿಡಿ." ಅವನ ದನಿಯಲ್ಲಿ ಕೆಟ್ಟತನವಿರಲಿಲ್ಲ, ದಣಿವಿತ್ತು. ಕೆಟ್ಟವನಾಗಿದ್ದರೆ ಬೈದಾದರೂ ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಮೂರು ವರ್ಷ ಬೇಡಿದ ಮೇಲೆ ಅವನು ಈ ಬೇಸಿಗೆಯಲ್ಲಿ ಒಪ್ಪಿದ್ದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವಂಥ ಒಪ್ಪಿಗೆ ಅದು. ಅವಳು ಟೂರಿಸ್ಟಾಗಿ ತಾನೇ ಬರಬೇಕು. ಅವನು ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಮನೆಗೆ ಬೇಡ. ಅಕ್ಟೋಬರಿನ ಶಾಲಾ ರಜೆಯಲ್ಲಿ, ಹದಿನೆಂಟನೇ ತಾರೀಖು ಶನಿವಾರ, ಬೆಳಗ್ಗೆ ಹನ್ನೊಂದಕ್ಕೆ, ಅವರ ಊರಿನ ಪ್ರಾಣಿಗಳ ಮ್ಯೂಸಿಯಮ್ಮಿನಲ್ಲಿ ಒಂದು ಗಂಟೆ. ಧಾತ್ರಿ ಶಾಲೆಯಿಂದ ಎಷ್ಟೋ ಸಲ ಹೋದ ಜಾಗವಂತೆ. ಒಳಗೆ ಚಾವಣಿಯಿಂದ ಇಡೀ ತಿಮಿಂಗಿಲದ ಎಲುಬಿನ ಗೂಡನ್ನು ತೂಗುಹಾಕಿದ್ದಾರಂತೆ. "ನಾನು ಬಾಗಿಲಲ್ಲಿ ಬಿಟ್ಟು ಎದುರಿನ ಕಾಫಿ ಅಂಗಡೀಲಿ ಕೂತಿರ್ತೀನಿ. ನನಗೆ ನಿಮ್ಮನ್ನ ಎದುರಿಗೆ ನೋಡೋ ಧೈರ್ಯ ಇಲ್ಲ ಅಕ್ಕ," ಎಂದಿದ್ದ. ಅವತ್ತು ಮಗುವಿನ ಕೈಗೂ ಒಂದು ಗಳಿಗೆ ಫೋನು ಕೊಟ್ಟಿದ್ದ.

ಕನ್ನಡ ಅದರ ಬಾಯಲ್ಲಿ ಸವೆದುಹೋಗಿತ್ತು. ಒಂದೊಂದು ಮಾತನ್ನೂ ಹುಡುಕಿ ತೆಗೆದು ಇಡುತ್ತಿತ್ತು. "ದೊಡ್ಡಮ್ಮ, ನಾನು ವೇಲ್ ಕೆಳಗೆ ನಿಂತಿರ್ತೀನಿ. ನೀನು ಬರೋ ತನಕ ಎಲ್ಲೂ ಹೋಗಲ್ಲ."

ಎಲ್ಲೂ ಹೋಗಲ್ಲ ಎಂಬ ಆ ಮಾತು ಎಲ್ಲಿಂದ ಬಂತೆಂದು ಪ್ರಿಯಂವದಾಗೆ ಗೊತ್ತಿತ್ತು. ಮೂರೂವರೆ ವರ್ಷದ ಧಾತ್ರಿಯನ್ನು ರಸೆಲ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ ಜನರ ನಡುವೆ ಕಳೆದುಕೊಂಡಿದ್ದಳು. ಹೋಗುವ ಮೊದಲು, ಯಾವಾಗಲೂ ಹೇಳುವ ಹಾಗೆ, ಕೈ ತಪ್ಪಿದರೆ ನಿಂತ ಜಾಗ ಬಿಟ್ಟು ಕದಲಬೇಡ, ನಾನು ಬಂದೇ ಬರ್ತೀನಿ ಎಂದು ಹೇಳಿದ್ದಳು. ಅರ್ಧ ಗಂಟೆ ಹುಚ್ಚಿಯ ಹಾಗೆ ಅಲೆದು ಹೂವಿನ ಸಾಲಿಗೆ ವಾಪಸ್ಸು ಬಂದರೆ ಮಗು ಒಂದು ಗುಲಾಬಿ ಬುಟ್ಟಿಯ ಪಕ್ಕದಲ್ಲಿ ನಿಂತೇ ಇತ್ತು. ಹೂವಿನವಳು ಕೂರಿಸಲು ನೋಡಿದರೂ ಕೂರಲಿಲ್ಲವಂತೆ, ಬಿಸ್ಕತ್ತು ಕೊಟ್ಟರೂ ಕೈ ಚಾಚಲಿಲ್ಲವಂತೆ. ಚಡ್ಡಿಯಲ್ಲಿ ಉಚ್ಚೆ ಹೊಯ್ದುಕೊಂಡು, ಕಾಲು ಕದಲಿಸದೆ ನಿಂತಿತ್ತು.

ಐದನೆಯ ಟಿಕೆಟ್ಟನ್ನು ಅವಳು ಮನೆಯಲ್ಲಿ ಕೂತು ಮೊಬೈಲಿನಲ್ಲೇ ಕೊಂಡಳು. ಮೊದಲು ತನ್ನದು ಕೊಂಡು, ಆಮೇಲೆ ಮಗುವಿನದು ಬೇರೆಯಾಗಿ ಕೊಂಡು ವಿಶ್ರುತ್‌ಗೆ ಕಳಿಸುವುದು ಎಂದು ಎಣಿಸಿದ್ದಳು. ಮಕ್ಕಳಿಗೆ ದರ ಸೊನ್ನೆ, ಆದರೆ ಟಿಕೆಟ್ಟು ಮಾತ್ರ ಬೇಕೇ ಬೇಕು. ಬರೀ ಮಗುವಿನದು ಒತ್ತಿದರೆ ದೊಡ್ಡವರೊಬ್ಬರನ್ನು ಸೇರಿಸಿ ಎಂದು ಕೆಂಪು ಅಕ್ಷರ ಬರುತ್ತಿತ್ತು. ಎರಡು ಸಲ ಪ್ರಯತ್ನಿಸಿ ನೋಡಿದಳು. ತನಗೆ ಎರಡು ಟಿಕೆಟ್ಟು ತೆಗೆದುಕೊಂಡು ಒಂದನ್ನು ದಂಡ ಮಾಡಿದ್ದರೆ ಕೆಲಸ ಆಗುತ್ತಿತ್ತು. ಬೇರೆ ನಾಲ್ಕು ಮ್ಯೂಸಿಯಮ್ಮುಗಳಿಗೆ ಸುರಿದದ್ದರ ಮುಂದೆ ಅದೇನು ದೊಡ್ಡದಲ್ಲ. ಆದರೆ ಪರದೆಯ ಮೇಲೆ ಎರಡು ಹೆಸರು ಒಂದರ ಕೆಳಗೊಂದು ಬಂದು ಕೂತಿದ್ದವು. ದೊಡ್ಡವರು ಒಂದು, ಪ್ರಿಯಂವದಾ. ಮಗು ಒಂದು, ಧಾತ್ರಿ, 0.00. ರೇಷನ್ ಕಾರ್ಡಿನಲ್ಲಾಗಲಿ ಶಾಲೆಯ ಅರ್ಜಿಯಲ್ಲಾಗಲಿ ಎಂದೂ ಒಟ್ಟಿಗೆ ಬರದಿದ್ದ ಎರಡು ಹೆಸರುಗಳು ಇವು. ಅವಳು ಸ್ವಲ್ಪ ಹೊತ್ತು ನೋಡಿ ಕೊಂಡುಬಿಟ್ಟಳು.

ಎರಡು ಪುಟದ ಟಿಕೆಟ್ಟು ಬಂತು. ಮೊದಲನೆಯದು ಅವಳದು, ಎರಡನೆಯದು ಧಾತ್ರಿಯದು. ಎರಡನೆಯದನ್ನು ವಿಶ್ರುತ್‌ಗೆ ಕಳಿಸಿದಳು. ಇಡೀ ಕಡತವನ್ನು ಕರೀಂನ ಅಂಗಡಿಯ ನಂಬರಿಗೆ ಕಳಿಸಿ, 'ಮೊದಲನೇ ಪೇಜ್ ಮಾತ್ರ ಪ್ರಿಂಟ್ ಮಾಡಿ' ಎಂದು ಕೆಳಗೆ ಬರೆದಳು. ಕರೀಂನ ಮಗಳು ಅಲಿಯಾ ಹೆಬ್ಬೆರಳಿನ ಚಿತ್ರ ಕಳಿಸಿದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಳು.

ಆ ನಂತರ ವಿಶ್ರುತ್‌ಗೆ ದಿನಕ್ಕೊಂದು ಮೆಸೇಜು ಹೋಗತೊಡಗಿತು. ಧಾತ್ರಿ ಚಕ್ಕುಲಿ ತಿನ್ನುತ್ತಾಳಾ? ಲಂಗ ಹೊಲಿಸಿದರೆ ಉದ್ದ ಎಷ್ಟು ಇಡಿಸಲಿ? ಬೆಣ್ಣೆ ಮುರುಕು ಅಲ್ಲಿ ಒಳಗೆ ಬಿಡುತ್ತಾರಾ? ಮೊದಲ ಎರಡಕ್ಕೆ ಉತ್ತರ ಬಂತು. ಹತ್ತನೆಯದಕ್ಕೋ ಹನ್ನೊಂದನೆಯದಕ್ಕೋ ಅವನು ಬರೆದ: 'ಅಕ್ಕ, ಮನೇಲಿ ಕಷ್ಟ ಆಗ್ತಿದೆ. ಇನ್ನು ಮೆಸೇಜ್ ಬೇಡ. ಹದಿನೆಂಟಕ್ಕೆ ಕರ್ಕೊಂಡು ಬರ್ತೀನಿ, ಮಾತು ಅಂದ್ರೆ ಮಾತು.' ಅದಕ್ಕೆ ಅವಳು ಕಳಿಸಿದ 'ಆಯ್ತಪ್ಪ' ಎಂಬುದರ ಮುಂದೆ ಒಂದೇ ಗೀಟು ಬಿತ್ತು, ಎರಡನೆಯ ಗೀಟು ಬೀಳಲೇ ಇಲ್ಲ. ಬ್ಲಾಕ್ ಮಾಡಿದ್ದಾನೆ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಆದರೂ ಅವಳಿಗೆ ಬೇಸರವಾಗಲಿಲ್ಲ. ಇಂಚರಾ ಬದುಕಿದ್ದಾಗಿನಿಂದಲೂ ಅವನು ಕೊಟ್ಟ ಮಾತು ತಪ್ಪಿದವನಲ್ಲ.

ಕರೀಂ ಕಟ್ಟಿಕೊಟ್ಟ ಫೈಲು ಎರಡು ಅಂಗುಲ ದಪ್ಪವಿತ್ತು. ಹಸಿರು ಟ್ಯಾಗು ಪೋಣಿಸಿ ಗಂಟು ಹಾಕಿದ್ದ. "ಬಿಸ್ಮಿಲ್ಲಾ ಹೇಳಿ ಕಟ್ಟಿದೀನಿ, ಇನ್ನು ಬಿಚ್ಚೋದು ಅವರೇ," ಎಂದು ನಗುತ್ತ ಕೊಟ್ಟ. ವೀಸಾ ಕೇಂದ್ರದ ಸಾಲಿನಲ್ಲಿ ನಲವತ್ತು ನಿಮಿಷ ಅದನ್ನು ಎದೆಗವಚಿಕೊಂಡು ಕೂತಿದ್ದಳು. ಇಪ್ಪತ್ತೆರಡು ವರ್ಷ ಊರವರ ಫೈಲುಗಳನ್ನು ಕೊನೆಯ ಪುಟದ ತನಕ ತಿರುವಿ, ಮುಚ್ಚಿಟ್ಟದ್ದನ್ನು ಹುಡುಕಿ ತೆಗೆದವಳು, ತನ್ನ ಫೈಲಿನ ಟ್ಯಾಗನ್ನು ಬಿಚ್ಚಿ ನೋಡಲಿಲ್ಲ. ಕಟ್ಟಿದ್ದನ್ನು ಬಿಚ್ಚಿದರೆ ಒಳ್ಳೆಯದಾಗುವುದಿಲ್ಲ ಎಂದು ಏನೋ ಒಂದು ಹೆದರಿಕೆ. ದೇವರಿಗಿಂತ ಹೆಚ್ಚಾಗಿ ಅವತ್ತು ಅವಳು ನಂಬಿದ್ದು ಆ ಹಸಿರು ಗಂಟನ್ನು.

ಎಂಟು ದಿನದ ಮೇಲೆ ಅವಳು ಆಫೀಸಿನಲ್ಲಿದ್ದಾಗ ಫೋನು ಬಂತು. ಅವಳ ಮೇಜಿನ ಮೇಲೆ ಕೆ.ಆರ್. ಪುರದ ಆಟೊ ಡ್ರೈವರೊಬ್ಬನ ಹೆಂಡತಿಯ ಕ್ಲೇಮು ಇತ್ತು. ಗಂಡ ಪಾಲಿಸಿ ತೆಗೆದುಕೊಳ್ಳುವಾಗ ಸಕ್ಕರೆ ಕಾಯಿಲೆ ಇದ್ದದ್ದನ್ನು ಬರೆದಿರಲಿಲ್ಲ. ಆಸ್ಪತ್ರೆಯ ಹಳೆಯ ಚೀಟಿಯೊಂದು ಅವನ ಹೆಂಡತಿಯೇ ಕೊಟ್ಟ ಕಾಗದಗಳ ನಡುವೆ ಸಿಕ್ಕಿತ್ತು, ಪಾಪ, ಎಲ್ಲ ಕಾಗದ ಕೊಡಿ ಎಂದಿದ್ದಕ್ಕೆ ಎಲ್ಲವನ್ನೂ ಕೊಟ್ಟಿದ್ದಳು. 'ಮುಖ್ಯ ಮಾಹಿತಿಯನ್ನು ಮರೆಮಾಚಿರುವ ಕಾರಣ' ಎಂದು ಪ್ರಿಯಂವದಾ ಬರೆದು ಮುಗಿಸುವಾಗ ಮೊಬೈಲು ನಡುಗಿತು. ವೀಸಾ ವಿಭಾಗದಿಂದ ಹೆಂಗಸೊಬ್ಬಳು. ಇಂಗ್ಲಿಷು ತುಂಬ ಮೃದುವಾಗಿತ್ತು.

ಒಬ್ಬರೇ ಹೋಗುತ್ತಿದ್ದೀರಾ ಎಂದು ಕೇಳಿದಳು. ಹೌದು ಎಂದಳು ಪ್ರಿಯಂವದಾ. ಏನೇನು ನೋಡುತ್ತೀರಿ? ಹಡಗು, ಪಿಂಗಾಣಿ, ದಿನ ಸಮೇತ ಗಡಗಡ ಒಪ್ಪಿಸಿದಳು. ಅಲ್ಲಿ ನಿಮಗೆ ಬಂಧುಗಳೋ ಪರಿಚಯದವರೋ ಇದ್ದಾರಾ? ಇಲ್ಲ. ನಿಮ್ಮ ಜೊತೆ ಯಾವುದಾದರೂ ಮಗು ಬರುತ್ತಿದೆಯಾ?

ಪ್ರಿಯಂವದಾಳ ಕೈ ತನಗೆ ತಾನೇ ಪೆನ್ನಿನ ಮುಚ್ಚಳ ಹುಡುಕಿತು. "ಇಲ್ಲ, ನನಗೆ ಮಕ್ಕಳಿಲ್ಲ," ಎಂದಳು, ಕೇಳಿದ್ದಕ್ಕಿಂತ ಹೆಚ್ಚಾಗಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಉತ್ತರ ಹಾಗೆಯೇ ಇರುತ್ತದೆ. ಆ ಕಡೆಯವಳು ಧನ್ಯವಾದ ಹೇಳಿ ಫೋನು ಇಟ್ಟಳು.

ಆ ಸಂಜೆಯೇ ಕರೀಂಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದಳು. "ಎಲ್ಲರಿಗೂ ಕೇಳೋದೇ ಮೇಡಂ, ಫಿಕರ್ ಮಾಡ್ಬೇಡಿ," ಎಂದ. ಅವಳು ಫಿಕರು ಮಾಡಲಿಲ್ಲ. ಲಂಗ ಹೊಲಿಸಲು ಕೊಟ್ಟಳು, ಉದ್ದವನ್ನು ಪಕ್ಕದ ಮನೆಯ ಹುಡುಗಿಯನ್ನು ನಿಲ್ಲಿಸಿ ಅಳೆಸಿ.

ಹದಿನಾರನೇ ತಾರೀಖು ಗುರುವಾರ ರಾತ್ರಿಗೆ ವಿಮಾನ. ಅವತ್ತು ಮಧ್ಯಾಹ್ನ ನಾಲ್ಕಕ್ಕೆ ಪಾಸ್‌ಪೋರ್ಟು ಕೊರಿಯರಿನಲ್ಲಿ ಬಂತು. ಲಕೋಟೆ ಒಡೆದು ಒಂದೊಂದೇ ಪುಟ ತಿರುವಿದಳು. ಎಲ್ಲ ಪುಟವೂ ಖಾಲಿಯಿತ್ತು. ಜೊತೆಗೆ ಒಂದು ಹಾಳೆ, ಅದರಲ್ಲಿ ಅಚ್ಚು ಹಾಕಿದ ಹತ್ತಾರು ಕಾರಣಗಳು, ಎರಡರ ಮುಂದೆ ಗುರುತು. ಪ್ರಯಾಣದ ಉದ್ದೇಶದ ಬಗ್ಗೆ ಕೊಟ್ಟ ಮಾಹಿತಿ ನಂಬಲು ತಕ್ಕದ್ದಾಗಿಲ್ಲ. ವಾಪಸ್ಸು ಹೋಗುವ ಇರಾದೆಯ ಬಗ್ಗೆ ಸಂದೇಹವಿದೆ. ಓದಿದ ಕೂಡಲೇ ಅವಳಿಗೆ ಆ ಹಾಳೆಯ ಪರಿಚಯ ಹತ್ತಿತು. ಭಾಷೆ ಬೇರೆ, ಕೈ ಅದೇ.

ಆಟೊ ಹಿಡಿದು ಶಿವಾಜಿನಗರಕ್ಕೆ ಹೋದಳು. ದೀಪಾವಳಿಯ ಮುಂಚಿನ ದಿನಗಳು, ಹಲಸೂರಿನಿಂದಾಚೆ ಗಾಡಿ ಅಲುಗಾಡಲಿಲ್ಲ. ಕರೀಂ ಹಾಳೆಯನ್ನು ಓದಿ, ಕಪಾಟಿನಿಂದ ಅವಳ ಫೈಲಿನ ನಕಲು ತೆಗೆದ. ಕೊಟ್ಟಷ್ಟೇ ದಪ್ಪದ ಇನ್ನೊಂದು ಪ್ರತಿ ಇಟ್ಟುಕೊಳ್ಳುವುದು ಅವನ ಪದ್ಧತಿ. ಇಬ್ಬರೂ ಸೇರಿ ತಿರುವಿದರು. ಬ್ಯಾಂಕು, ಸಂಬಳದ ಚೀಟಿ, ರಜೆಯ ಪತ್ರ, ಹಡಗು, ಪಿಂಗಾಣಿ. ಐದನೆಯ ಮ್ಯೂಸಿಯಮ್ಮಿನ ಮೊದಲನೆಯ ಪುಟ. ಅದರ ಹಿಂದೆ ಎರಡನೆಯ ಪುಟ.

ಮಗು ಒಂದು. ಧಾತ್ರಿ ವಿಶ್ರುತ್. 0.00.

ಕಂಪ್ಯೂಟರಿನ ಮುಂದಿದ್ದ ಅಲಿಯಾ ಎದ್ದು ನಿಂತಳು. "ಅವತ್ತು ಉಮ್ರಾದೋರು ನಲವತ್ತು ಜನರ ಪ್ರಿಂಟ್ ಇತ್ತು ಆಂಟಿ," ಎಂದಳು. "ಪೂರ್ತಿ ಫೈಲ್‌ಗೇ ಪ್ರಿಂಟ್ ಕೊಟ್ಬಿಟ್ಟೆ. ಮೆಸೇಜ್ ನೋಡಿದ್ದೆ. ಮರ್ತುಹೋಯ್ತು."

"ನಾನು ಕಟ್ಟೋವಾಗ ನೋಡ್ಬೇಕಿತ್ತು," ಎಂದ ಕರೀಂ. "ನೋಡ್ದೆ. ದುಡ್ಡು ಕಟ್ಟಿರೋದು ಕಾಣತ್ತಾ ಅಂತ ಅಷ್ಟೇ ನೋಡ್ದೆ. ಸೊನ್ನೆ ಇರೋ ಹಾಳೆ ಕಣ್ಣಿಗೇ ಬೀಳ್ಲಿಲ್ಲ. ದಪ್ಪ ಆಯ್ತಲ್ಲ ಅಂತ ಖುಷಿ ಪಟ್ಟೆ." ಅವನು ಕುರ್ಚಿಯಲ್ಲಿ ಕುಸಿದು ಕೂತ. "ನಿಜ ಹೇಳಿದ್ರೇ ಒಳ್ಳೇದಿತ್ತೇನೋ ಮೇಡಂ. ತಂಗಿ ತೀರಿಕೊಂಡಿದಾರೆ, ಮಗೂನ ಸಾಕಿದೀನಿ, ಒಂದು ಸಲ ನೋಡಿ ಬರ್ತೀನಿ ಅಂತ. ಗೊತ್ತಿಲ್ಲ. ಅಪೀಲ್ ಹಾಕೋಣ. ಮೂರು ತಿಂಗಳು ಆಗತ್ತೆ, ಆದ್ರೆ..."

"ಇಂಥ ಲೆಟರು ನಾನೇ ಬರೀತೀನಿ ಕರೀಂ ಭಾಯ್," ಎಂದಳು ಪ್ರಿಯಂವದಾ. "ಅಪೀಲು ಬಂದ್ರೆ ಏನ್ ಮಾಡ್ತೀವಿ ಅಂತಾನೂ ನಂಗೊತ್ತು."

ಬೈಯಬೇಕಿತ್ತು. ಬೈದಿದ್ದರೆ ಆ ಹುಡುಗಿಗೂ ಹಗುರಾಗುತ್ತಿತ್ತು. ಆದರೆ ಅಷ್ಟು ದಪ್ಪದ ಫೈಲಿನಲ್ಲಿ ನಿಜ ಹೇಳಿದ ಹಾಳೆ ಅದೊಂದೇ ಎಂದು ಅವಳಿಗೆ ಕಾಣುತ್ತಿತ್ತು, ಅದನ್ನು ಹಿಡಿದುಕೊಂಡು ಯಾರನ್ನು ಬೈಯುವುದು? ಎರಡನೆಯ ಪುಟವನ್ನು ಟ್ಯಾಗಿನಿಂದ ಬಿಡಿಸಿ, ಮಡಿಸಿ, ಚೀಲದಲ್ಲಿಟ್ಟುಕೊಂಡಳು.

ಹೊರಗೆ ಬಂದ ಮೇಲೆಯೇ ಅವಳಿಗೆ ನಿಜವಾದ ಭಯ ಹುಟ್ಟಿದ್ದು. ಹೋಗಲಾಗುವುದಿಲ್ಲ ಎಂಬುದು ಆಗಲೇ ಎದೆಗೆ ಇಳಿದಿತ್ತು. ಆದರೆ ಮಗುವಿಗೆ ಅದನ್ನು ಹೇಳುವವರು ಯಾರು? ಬಸ್ ಸ್ಟ್ಯಾಂಡಿನ ಕಂಬಕ್ಕೊರಗಿ ನಿಂತು ವಿಶ್ರುತ್‌ಗೆ ಫೋನು ಮಾಡಿದಳು. ಅದು ರಿಂಗಾಗಲೂ ಇಲ್ಲ. 'ವೀಸಾ ಸಿಗಲಿಲ್ಲ. ಮಗೂನ ಕರೆದುಕೊಂಡು ಬರಬೇಡ' ಎಂದು ಬರೆದಳು. ಒಂದೇ ಗೀಟು. ಅವನ ಕೆಲಸದ ಇಮೇಲಿಗೆ ಬರೆದಳು. ಮರುಕ್ಷಣವೇ ಉತ್ತರ ಬಂತು. ನಾನು ರಜೆಯಲ್ಲಿದ್ದೇನೆ, ಇಪ್ಪತ್ತನೇ ತಾರೀಖಿನವರೆಗೆ ಇಮೇಲ್ ನೋಡುವುದಿಲ್ಲ ಎಂದು ಯಂತ್ರ ಬರೆದಿತ್ತು.

ಶುಕ್ರವಾರ ಅಲಿಯಾಳ ನಂಬರಿನಿಂದ, ಕರೀಂನ ನಂಬರಿನಿಂದ, ಆಫೀಸಿನ ಫೋನಿನಿಂದ ಪ್ರಯತ್ನಿಸಿದಳು. ಗುರುತಿಲ್ಲದ ನಂಬರುಗಳನ್ನು ಅವನ ಫೋನು ತಾನಾಗಿಯೇ ಕತ್ತರಿಸುತ್ತಿತ್ತೋ, ಅಥವಾ ಅವಳೇ ಬೇರೆ ಬೇರೆ ವೇಷದಲ್ಲಿ ಕಾಡುತ್ತಿದ್ದಾಳೆ ಎಂದು ಅವನೇ ಕತ್ತರಿಸುತ್ತಿದ್ದನೋ. ದಿನಕ್ಕೊಂದು ಮೆಸೇಜು ಹಾಕಿ ಅವನ ಬಾಗಿಲನ್ನು ತಾನೇ ಮುಚ್ಚಿಸಿದೆನಲ್ಲ ಎಂದು ಅವಳು ತನ್ನನ್ನೇ ಹಳಿದುಕೊಂಡಳು. ಒಂದು ಚಕ್ಕುಲಿಯ ಪ್ರಶ್ನೆಯನ್ನು ನುಂಗಿಕೊಂಡಿದ್ದರೆ ಈಗ ಈ ಒಂದು ಮಾತು ದಾಟುತ್ತಿತ್ತು. ಕೊನೆಗೆ ಮ್ಯೂಸಿಯಮ್ಮಿಗೇ ಬರೆದಳು. ಶನಿವಾರ ಹನ್ನೊಂದಕ್ಕೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ತಿಮಿಂಗಿಲದ ಕೆಳಗೆ ನಿಲ್ಲುತ್ತಾಳೆ, ಅವಳ ದೊಡ್ಡಮ್ಮನಿಗೆ ಬರಲಾಗಲಿಲ್ಲವೆಂದು, ಬರಬೇಕೆಂದು ಬಹಳ ಪ್ರಯತ್ನಪಟ್ಟಳೆಂದು ದಯವಿಟ್ಟು ಯಾರಾದರೂ ಅವಳಿಗೆ ಹೇಳಿ. ತಮ್ಮ ಪತ್ರ ತಲುಪಿದೆ, ಐದು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂದು ಉತ್ತರ ಬಂತು. ಕೆಳಗೆ, ನಾಳೆ ನಿಮ್ಮ ಭೇಟಿಗೆ ಎದುರು ನೋಡುತ್ತಿದ್ದೇವೆ ಎಂದು ಬೇರೆ.

ಶನಿವಾರ ಅವಳು ಬೆಳಗ್ಗೆಯೇ ಸ್ನಾನ ಮಾಡಿ, ಹೊರಡುವ ದಿನಕ್ಕೆಂದು ತೆಗೆದಿಟ್ಟಿದ್ದ ನೀಲಿ ಸೀರೆ ಉಟ್ಟಳು. ಯಾಕೆ ಉಟ್ಟಳೋ ಅವಳಿಗೇ ತಿಳಿಯದು. ಸೂಟ್‌ಕೇಸು ಹಾಲಿನಲ್ಲಿ ಕಟ್ಟಿದ ಹಾಗೆಯೇ ನಿಂತಿತ್ತು, ಒಳಗೆ ಲಂಗ, ಎರಡು ಡಬ್ಬಿ ಚಕ್ಕುಲಿ. ಅಲ್ಲಿಯ ಹನ್ನೊಂದೆಂದರೆ ಇಲ್ಲಿಯ ಎರಡೂವರೆ. ಒಂದೂವರೆಯಿಂದಲೇ ಅವಳು ಸೂಟ್‌ಕೇಸಿನ ಪಕ್ಕ ಕುರ್ಚಿ ಹಾಕಿಕೊಂಡು ಮೊಬೈಲು ಹಿಡಿದು ಕೂತಳು. ಮ್ಯೂಸಿಯಮ್ಮಿನ ಪುಟದಲ್ಲಿ ಅವಳು ಕೊಂಡ ಟಿಕೆಟ್ಟುಗಳನ್ನು ತೆರೆದು ನೋಡಬಹುದಿತ್ತು. ಎರಡು ಚೌಕ, ಎರಡರ ಪಕ್ಕದಲ್ಲೂ ಹಸಿರು ಬೊಟ್ಟು. ಹಸಿರೆಂದರೆ ಇನ್ನೂ ಬಳಸಿಲ್ಲ ಎಂದರ್ಥ.

ಬಾರದಿರಲಿ ಎಂದು ಬೇಡಿಕೊಂಡಳು. ಮಗುವಿಗೆ ಜ್ವರ ಬರಲಿ, ಹೆಚ್ಚೇನಲ್ಲ, ಒಂದು ದಿನದ ಜ್ವರ. ವಿಶ್ರುತ್ ಮಾತು ಮುರಿಯಲಿ. ಅವನ ಹೆಂಡತಿ ಜಗಳ ತೆಗೆಯಲಿ. ಮೂರು ವರ್ಷ ಯಾವ ದೇವರ ಮುಂದೆ ನಿಂತು ಮಗುವನ್ನು ತೋರಿಸು ಎಂದು ಕೇಳಿದ್ದಳೋ ಅದೇ ದೇವರಿಗೆ ಈಗ ಮಗುವನ್ನು ಮನೆಯಲ್ಲೇ ಇರಿಸು ಎಂದು ಮೊರೆಯಿಟ್ಟಳು. ಎರಡು ಗಂಟೆಯಾಯಿತು. ಎರಡು ಹತ್ತಾಯಿತು. ಬೆರಳಿನಿಂದ ಪುಟವನ್ನು ಕೆಳಗೆಳೆದು ಬಿಟ್ಟಳು, ಹಸಿರು. ಮತ್ತೆ ಎಳೆದಳು, ಹಸಿರು. ಎರಡು ಇಪ್ಪತ್ತು ದಾಟಿತು. ಬರುವುದಿಲ್ಲ, ಇಮೇಲು ನೋಡಿರಬೇಕು, ಎಷ್ಟಾದರೂ ಓದಿದವನು, ಮಗುವನ್ನು ಸುಮ್ಮನೆ ನಿಲ್ಲಿಸುತ್ತಾನೆಯೇ ಎಂದು ಉಸಿರು ಬಿಡುತ್ತ ಇನ್ನೊಮ್ಮೆ ಎಳೆದಳು.

ಕೆಳಗಿನ ಬೊಟ್ಟು ಬೂದಿ ಬಣ್ಣಕ್ಕೆ ತಿರುಗಿತ್ತು. ಮಗು ಒಂದು. ಬಳಸಲಾಗಿದೆ, 10:54.

ಅವನು ಮಾತು ಉಳಿಸಿಕೊಂಡಿದ್ದ. ಆರು ನಿಮಿಷ ಮೊದಲೇ ಕರೆದುಕೊಂಡು ಬಂದಿದ್ದ.

ಹಿತ್ತಲ ಬಾಗಿಲಿನಿಂದ ಮಾರಕ್ಕ ಬಂದಳು. ಇಪ್ಪತ್ತು ವರ್ಷದಿಂದ ಆ ಸಾಲಿನ ಮನೆಗಳಲ್ಲಿ ಕೆಲಸ ಮಾಡುವವಳು, ಧಾತ್ರಿಗೆ ಎಣ್ಣೆ ನೀರು ಹಾಕಿದವಳು. ಮನೆಗೆ ಬೀಗ ಹಾಕಿರುತ್ತದೆ, ಗಿಡಗಳಿಗೆ ನೀರು ಹಾಕಿ ಹೋಗೋಣ ಎಂದು ಬಂದವಳು ಸೀರೆ ಉಟ್ಟು ಕೂತವಳನ್ನು ನೋಡಿ ಬಾಗಿಲಲ್ಲೇ ನಿಂತಳು.

"ಹೋಗ್ಲಿಲ್ವೇನಮ್ಮ?"

"ಇಲ್ಲ ಮಾರಕ್ಕ."

"ನಾಳೆಗಾ?"

ಪ್ರಿಯಂವದಾ ಪುಟವನ್ನು ಮತ್ತೊಮ್ಮೆ ಕೆಳಗೆಳೆದಳು. ಮೂರು ಗಂಟೆಯಾಯಿತು. ಮಾರಕ್ಕ ಗಿಡಗಳಿಗೆ ನೀರು ಹಾಕಿದಳು, ಇದ್ದ ಎರಡು ಲೋಟ ತೊಳೆದಳು, ಪೊರಕೆ ತೆಗೆದುಕೊಂಡು ಹಾಲಿಗೆ ಬಂದಳು. ಮೂರೂವರೆಯಾಯಿತು. ಅಲ್ಲಿ ಒಂದು ಗಂ‍ಟೆ ಮುಗಿದಿರಬೇಕು, ವಿಶ್ರುತ್ ಕಾಫಿ ಅಂಗಡಿಯಿಂದ ಎದ್ದು ಬಂದು ಕರೆದಿರಬೇಕು. ಕರೆದರೆ ಅದು ಬಂದಿರುತ್ತದೆಯೇ ಎಂದು ಪ್ರಿಯಂವದಾ ಯೋಚಿಸುತ್ತಿದ್ದಳು.

"ಯಾರನ್ನಾದ್ರೂ ಕಾಯ್ತಿದೀರಾ ಅಮ್ಮ?" ಎಂದು ಕೇಳಿದಳು ಮಾರಕ್ಕ.

"ನಾನಲ್ಲ," ಎಂದಳು ಪ್ರಿಯಂವದಾ. "ಅವಳು."

ಮಾರಕ್ಕನಿಗೆ ಅರ್ಥವಾಗಲಿಲ್ಲ. "ಸ್ವಲ್ಪ ಕಾಲೆತ್ತಿ ತಾಯಿ, ಗುಡಿಸ್ತೀನಿ," ಎಂದಳು. ಕಾಲು ಮೇಲೇಳಲಿಲ್ಲ. ಮೊಬೈಲಿನಲ್ಲಿ ಮೇಲಿನ ಬೊಟ್ಟು ಹಾಗೆಯೇ ಹಸಿರಾಗಿತ್ತು. ದೊಡ್ಡವರು ಒಂದು, ಈ ದಿನ ಸಂಜೆ ಐದರವರೆಗೆ ಒಳಗೆ ಬರಬಹುದು. ಮಾರಕ್ಕ ಸ್ವಲ್ಪ ಹೊತ್ತು ನೋಡಿ, ಕುರ್ಚಿಯ ಸುತ್ತ, ಸೂಟ್‌ಕೇಸಿನ ಸುತ್ತ ಗುಡಿಸಿಕೊಂಡು ಮುಂದಕ್ಕೆ ಹೋದಳು.